ಬೀದಿಯೂ ಕಟ್ಟೆಯೂ

ಬೆಂಗಳೂರನ್ನು ಕಟ್ಟಿದ ಹಿರಿಯ ಕೆಂಪೇಗೌಡರ ಸಮಾಧಿಯೆಂದು 2015ರಲ್ಲಿ ಬೆಳಕಿಗೆ ಬಂದ ಕಲ್ಲುಮಂಟಪವೊಂದು ಮಾಗಡಿ ತಾಲ್ಲೂಕಿನ ಕೆಂಪಾಪುರದಲ್ಲಿದೆಯಷ್ಟೆ. ಅದರ ದರ್ಶನವನ್ನು ಮಾಡಿಕೊಂಡು, ಊರಿನ ಅರಳೀಕಟ್ಟೆಯ ಮೇಲೆ ಒಂದು ಭಾನುವಾರದ ಇಳಿಹೊತ್ತಿನಲ್ಲಿ ಇಬ್ಬರು ಕುಳಿತಿದ್ದರು. ಒಬ್ಬರು ಈ ಸೀಮೆಯ ಶಾಲೆಗಳಲ್ಲಿಯೇ ಬಹುಕಾಲ ಪಾಠ ಹೇಳಿ ವಿಶ್ರಾಂತರಾದ ಉಪಾಧ್ಯಾಯರು. ಮತ್ತೊಬ್ಬನು ಅವರಲ್ಲಿ ಅಕ್ಷರ ಕಲಿತು, ಈಗ ಬೆಂಗಳೂರಿನಲ್ಲಿ ನಗರಯೋಜನೆಯ ಕೆಲಸದಲ್ಲಿರುವ ಶಿಷ್ಯನು. ಶಿಷ್ಯನು ತಾನು ರಚಿಸಿದ ನಕ್ಷೆಯೊಂದನ್ನು ಗುರುಗಳ ಮುಂದೆ ಹರಡಿದ್ದನು. ನಗರದ ನಡುಭಾಗದ ಕೆಲವು ಬೀದಿಗಳಲ್ಲಿ ವಾಹನಗಳನ್ನು ತಡೆದು, ಅಲ್ಲಿ ಮರ, ಆಸನ, ನೆರಳುಗಳನ್ನು ಏರ್ಪಡಿಸಬೇಕೆಂಬುದು ಆ ನಕ್ಷೆಯ ಅಭಿಪ್ರಾಯ.

ಮೇಷ್ಟ್ರು: ಏನಪ್ಪ, ನಿನ್ನ ಕಾಗದದ ಮೇಲೆ ಹಸಿರು ಬಣ್ಣ ಬಹಳ ಧಾರಾಳವಾಗಿ ಹರಿದಿದೆಯಲ್ಲ! ದೊಡ್ಡಪೇಟೆಯ ಸುತ್ತಮುತ್ತ ಇಷ್ಟು ಹಸಿರನ್ನು ನಾನು ಕಂಡವನಲ್ಲ.

ಶಿಷ್ಯ: ಅಲ್ಲಿ ಇಲ್ಲವೆಂಬ ಕಾರಣದಿಂದಲೇ ಇಲ್ಲಿ ಬರೆದದ್ದು, ಮೇಷ್ಟ್ರೇ. ನಡುಪೇಟೆಯಲ್ಲಿ ಹೊಸದಾಗಿ ಉದ್ಯಾನವನ್ನು ಮಾಡೋಣವೆಂದರೆ ಬರಿಯ ನೆಲವೇ ಉಳಿದಿಲ್ಲ. ಸರ್ಕಾರದ ಕೈಯಲ್ಲಿ ಉಳಿದಿರುವ ನೆಲವೆಂದರೆ ಬೀದಿಯೊಂದೇ. ಅದರಲ್ಲಿಯೂ ಎಷ್ಟೋ ಭಾಗವು ಓಡಾಟಕ್ಕೂ ಒದಗದೆ, ನಿಂತ ಕಾರುಗಳ ಕೊಟ್ಟಿಗೆಯಾಗಿ ಪರಿಣಮಿಸಿದೆ.

ಮೇಷ್ಟ್ರು: ಆದರೆ ಬೀದಿಯೆಂಬುದು ಹೋಗಿ ಬರುವುದಕ್ಕಾಗಿ ಹುಟ್ಟಿದುದಲ್ಲವೆ? ಅಲ್ಲಿ ಮಲಗಿರುವ ಪುಣ್ಯಾತ್ಮರು 1537ರಲ್ಲಿ ಊರನ್ನು ಹೂಡಿದಾಗ, ದೊಡ್ಡಪೇಟೆ ಚಿಕ್ಕಪೇಟೆಗಳು ಕೂಡುವ ಸ್ಥಳದಿಂದ ನಾಲ್ಕು ದಿಕ್ಕಿಗೂ ನೇಗಿಲು ಕಟ್ಟಿದ ಎತ್ತುಗಳನ್ನು ಹೊಡೆಸಿ, ಅವು ಗೆರೆ ಎಳೆದ ಜಾಡಿನಲ್ಲಿ ಬೀದಿಗಳನ್ನು ನಿರ್ಮಿಸಿದರೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಎತ್ತು ನಡೆದದ್ದರಿಂದ ಬೀದಿಯಾಯಿತು. ಎತ್ತನ್ನು ನಿಲ್ಲಿಸಿ ನೀನು ಬೀದಿಯನ್ನು ಮಾಡುತ್ತೇನೆನ್ನುತ್ತೀಯೆ.

ಶಿಷ್ಯ: ಎತ್ತು ಗೆರೆಯನ್ನು ಮಾತ್ರ ಎಳೆಯಿತು, ಆ ಗೆರೆಯ ಇಕ್ಕೆಲಗಳಲ್ಲಿ ನಿಂತವರು ಯಾರೆಂಬುದನ್ನು ಪೇಟೆಗಳ ಹೆಸರುಗಳೇ ಹೇಳುತ್ತವೆ. ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ — ಇವುಗಳಲ್ಲಿ ಒಂದಾದರೂ ಹೋಗುವವನ ಹೆಸರನ್ನು ಹೊತ್ತಿಲ್ಲ. ಎಲ್ಲವೂ ಒಂದು ತಾವಿನಲ್ಲಿ ನಿಂತು ಅಳೆಯುವವನ, ತೂಗುವವನ, ತಿರುಗಿಸುವವನ ಹೆಸರನ್ನು ಪಡೆದಿವೆ. ತಾವೇ ನಮಗೆ ತದ್ಭವಗಳನ್ನು ಕಲಿಸುವಾಗ, ಸಂಸ್ಕೃತದ ವೀಥಿಯೇ ನಮ್ಮ ಬೀದಿಯಾಯಿತೆಂದೂ, ರಸ್ತೆಯೆಂಬುದು ಪಾರಸಿಯಿಂದ ಬಹಳ ತಡವಾಗಿ ಬಂದ ಮಾತೆಂದೂ ಹೇಳಿದ್ದಿರಿ. ಬೀದಿಯಲ್ಲಿ ಜನರು ಬಾಳುತ್ತಾರೆ, ರಸ್ತೆಯಲ್ಲಿ ಹಾದುಹೋಗುತ್ತಾರೆ ಎಂದು ನನಗೆ ತೋರುತ್ತದೆ. ನಮ್ಮ ಪೇಟೆಯ ಬೀದಿಗಳೆಲ್ಲವನ್ನೂ ನಾವು ಸದ್ದಿಲ್ಲದೆ ರಸ್ತೆಗಳನ್ನಾಗಿ ಮಾಡಿಬಿಟ್ಟೆವು. ದೊಡ್ಡಪೇಟೆಗೆ ಅವೆನ್ಯೂ ರಸ್ತೆಯೆಂಬ ಹೆಸರೂ ಬಂದಿತು.

ಮೇಷ್ಟ್ರು: ವ್ಯಾಕರಣದಿಂದ ಊರನ್ನು ಆಳುವುದಕ್ಕಾಗುವುದಿಲ್ಲ; ಆದರೂ ಮಾತು ಚೆನ್ನಾಗಿದೆ, ಮುಂದೆ ಹೇಳು. ವರ್ತಕನು ಇದಕ್ಕೆ ಒಡಂಬಡುವನೆ? ಗಿರಾಕಿಯ ಗಾಡಿ ಅಂಗಡಿಯ ಮೆಟ್ಟಿಲಿಗೆ ತಗಲದಿದ್ದರೆ ವ್ಯಾಪಾರವೇ ನಿಂತುಹೋಯಿತೆಂದು ಭಾವಿಸುವವನು ಅವನು.

ಶಿಷ್ಯ: ಈ ಭಯವು ಎಲ್ಲ ದೇಶದ ವರ್ತಕರಿಗೂ ಸಾಧಾರಣ. ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದ ನಡುಬೀದಿಯಾದ ಸ್ಟ್ರೋಯೆಟ್‌ನಿಂದ 1962ರ ನವೆಂಬರಿನಲ್ಲಿ ವಾಹನಗಳನ್ನು ಹೊರಗಿಟ್ಟಾಗ, ನಾವು ಇಟಲಿಯವರಲ್ಲ, ಈ ಚಳಿಯ ದೇಶದಲ್ಲಿ ಬೀದಿಯಲ್ಲಿ ಕೂರುವವರಾರು ಎಂದು ಅಲ್ಲಿಯವರೇ ಆಕ್ಷೇಪಿಸಿದರಂತೆ. ಪರೀಕ್ಷಾರ್ಥವಾಗಿ ತೊಡಗಿದ ಏರ್ಪಾಡು ಎರಡು ವರ್ಷಗಳಲ್ಲಿ ಶಾಶ್ವತವಾಯಿತು. ನ್ಯೂಯಾರ್ಕ್ ನಗರದ ಟೈಮ್ಸ್ ಸ್ಕ್ವೇರಿನಲ್ಲಿ 2009ರ ಮೇ ತಿಂಗಳಲ್ಲಿ ಬ್ರಾಡ್‌ವೇಯ ಒಂದು ತುಂಡನ್ನು ಮುಚ್ಚಿ, ಬೇರೆ ಆಸನಗಳು ಸಿದ್ಧವಾಗುವತನಕ ಕಾಯದೆ, ಅಗ್ಗದ ಮಡಚುವ ಕುರ್ಚಿಗಳನ್ನು ತಂದು ಹರಡಿದರು. ಜನರು ಬಂದು ಕುಳಿತೇಬಿಟ್ಟರು. ಮರುವರ್ಷವೇ ಅದನ್ನು ಸ್ಥಿರಗೊಳಿಸುವ ತೀರ್ಮಾನವಾಯಿತು. ಕಲ್ಲುಹಾಸು, ಆಸನಗಳೆಲ್ಲ ಆಮೇಲೆ ನಿಧಾನವಾಗಿ ಬಂದವು.

ಮೇಷ್ಟ್ರು: ಮೊದಲು ಕುರ್ಚಿ, ಆಮೇಲೆ ಕಲ್ಲು ಎಂಬ ಕ್ರಮವು ನನಗೆ ಮೆಚ್ಚಾಯಿತು. ನಮ್ಮಲ್ಲಿ ಮೊದಲು ಶಂಕುಸ್ಥಾಪನೆ, ಆಮೇಲೆ ಅಗೆತ. ಇರಲಿ, ಪರದೇಶದ ಕಥೆಯನ್ನು ಬಿಟ್ಟು ನಮ್ಮ ಬೆಂಗಳೂರಿನದನ್ನು ಹೇಳು.

ಶಿಷ್ಯ: ನಮ್ಮಲ್ಲಿಯೂ ಪ್ರಯೋಗ ನಡೆದಿದೆ. ಬ್ರಿಗೇಡ್ ರಸ್ತೆಗೂ ಸೇಂಟ್ ಮಾರ್ಕ್ಸ್ ರಸ್ತೆಗೂ ನಡುವಣ ಚರ್ಚ್ ಸ್ಟ್ರೀಟ್ ತಮಗೆ ಗೊತ್ತೇ ಇದೆ. ಮಹಾತ್ಮ ಗಾಂಧಿ ರಸ್ತೆಯಲ್ಲಿದ್ದ ಹಳೆಯ ಇಂಡಿಯಾ ಕಾಫಿ ಹೌಸ್ 2009ರಲ್ಲಿ ಸ್ಥಳಾಂತರವಾಗಿ ಬಂದು ನೆಲೆಸಿದ ಬೀದಿಯದು. ಡಾಂಬರನ್ನು ಕಿತ್ತು, ನೆಲದಡಿಯ ಕೊಳವೆಗಳನ್ನೂ ತಂತಿಗಳನ್ನೂ ಒಪ್ಪವಾಗಿ ಹೂಳಿ, ಮೇಲೆ ಕಗ್ಗಲ್ಲನ್ನು ಹಾಸಿ 2018ರಲ್ಲಿ ಆ ಬೀದಿಯನ್ನು ಜನರಿಗೆ ತೆರೆದರು. ಅನಂತರ, ಮಹಾಮಾರಿಯ ವರ್ಷವಾದ 2020ರ ನವೆಂಬರ್ 7ರಿಂದ ಮೊದಲ್ಗೊಂಡು, ಶನಿವಾರ ಭಾನುವಾರಗಳಂದು ವಾಹನಗಳನ್ನು ಪೂರ್ತಿಯಾಗಿ ತಡೆದರು. ನಗರ ಭೂಸಾರಿಗೆ ನಿರ್ದೇಶನಾಲಯದವರು ಅದನ್ನು ನಡೆಸಿದರು. ಗಾಳಿಯ ಗುಣವನ್ನೂ ಅಳೆಯಿಸಿದರು. ಪುಸ್ತಕದಂಗಡಿಗಳ ಆ ಬೀದಿಯ ನಟ್ಟನಡುವೆ ಮಕ್ಕಳು ಓಡಿದರು, ಹಾಡುವವರು ಹಾಡಿದರು, ಮುದುಕರು ಎಡಬಲ ನೋಡದೆ ನಡೆದರು.

ಮೇಷ್ಟ್ರು: ಈಗಲೂ ಹಾಗೆಯೇ ಇದೆಯೆ?

ಶಿಷ್ಯ: ಇಲ್ಲ, ಮೇಷ್ಟ್ರೇ. 2021ರ ಆರಂಭದ ತಿಂಗಳುಗಳಲ್ಲಿಯೇ ಅವಧಿ ಮುಗಿಯಿತು, ವಾಹನಗಳು ಮರಳಿದವು.

ಮೇಷ್ಟ್ರು: ಕೆಲವೇ ತಿಂಗಳ ರಾಜ್ಯ! ನಾನೂ ಒಮ್ಮೆ ಅಲ್ಲಿಗೆ ಮೊಮ್ಮಗಳ ಸಂಗಡ ಹೋಗಿದ್ದೆ. ಕಲ್ಲು ಸೊಗಸಾಗಿಯೇ ಇದ್ದಿತು. ಮಧ್ಯಾಹ್ನದ ಹೊತ್ತಾದುದರಿಂದ ಆ ಸೊಗಸಾದ ಕಲ್ಲು ಚೆನ್ನಾಗಿ ಕಾದೂ ಇದ್ದಿತು. ಕಾಲು ಸೋತ ನನಗೆ ಕುಳ್ಳಿರಬೇಕೆನ್ನಿಸಿದಾಗ, ಕಾಫಿಗೆ ದುಡ್ಡು ತೆತ್ತು ಒಳಗೆ ಕೂರುವುದೊಂದೇ ನೆಮ್ಮದಿಯ ಉಪಾಯವಾಗಿ ಕಂಡಿತು. ಗಾಡಿಯನ್ನು ಕಳೆದ ಮಾತ್ರಕ್ಕೆ ಬೀದಿಯು ಬನವಾಗುವುದಿಲ್ಲವಪ್ಪ. ನೀನು ಕಳೆಯುವ ಲೆಕ್ಕವನ್ನು ಮಾಡಿದ್ದೀಯೆ; ಕೂಡುವ ಲೆಕ್ಕ ಬಾಕಿಯಿದೆ.

ಶಿಷ್ಯ: ಅದನ್ನು ಒಪ್ಪಿಕೊಳ್ಳುವೆನು. ಅದೇ ಕಾರಣದಿಂದ ನನ್ನ ನಕ್ಷೆಯಲ್ಲಿ ಕಲ್ಲಿಗಿಂತ ಮರಗಳನ್ನು ಮುಂದಿಟ್ಟಿದ್ದೇನೆ. ಅವಕ್ಕೆ ಜಾಗವೆಲ್ಲಿಯದೆಂದು ಕೇಳುತ್ತಾರೆ. ಒಂದು ಕಾರು ನಿಲ್ಲುವುದಕ್ಕೆ ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದದ ನೆಲ ಬೇಕು. ಅಷ್ಟು ನೆಲದಲ್ಲಿ ಒಂದು ಹೊಂಗೆಯನ್ನು ನೆಟ್ಟು, ಅದರ ಬುಡಕ್ಕೆ ಕಟ್ಟೆ ಕಟ್ಟಿದರೆ, ಹತ್ತು ಮಂದಿ ಆರಾಮವಾಗಿ ಕೂರಬಹುದು. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 2005ರಲ್ಲಿ ಕೆಲವು ತರುಣರು ಒಂದು ವಿನೋದವನ್ನೇ ಮಾಡಿದರು. ಕಾರು ನಿಲ್ಲಿಸುವವರು ನಾಣ್ಯ ಹಾಕುವ ಯಂತ್ರಕ್ಕೆ ಎರಡು ಗಂಟೆಯ ಬಾಡಿಗೆಯನ್ನು ತೆತ್ತು, ಆ ನೆಲದ ಮೇಲೆ ಹುಲ್ಲಿನ ಹಾಸನ್ನು ಹರಡಿ, ಒಂದು ಮರದ ಕುಂಡವನ್ನೂ ಒಂದು ಬೆಂಚನ್ನೂ ಇಟ್ಟು ಪಕ್ಕಕ್ಕೆ ಸರಿದರು. ದಾರಿಹೋಕರು ಬಂದು ಕುಳಿತರು. ಎರಡು ಗಂಟೆಯಾದ ತರುವಾಯ ಹುಲ್ಲನ್ನು ಸುತ್ತಿಕೊಂಡು, ನೆಲವನ್ನು ಗುಡಿಸಿ ಹೊರಟುಹೋದರು. ಆಮೇಲೆ ಅದು ಎಷ್ಟೋ ದೇಶಗಳ ಊರುಗಳಲ್ಲಿ ವರ್ಷಕ್ಕೊಮ್ಮೆ ನಡೆಯುವ ಆಚರಣೆಯಾಯಿತು.

ಮೇಷ್ಟ್ರು: ಕಾರಿಗೆ ಸಲ್ಲುವ ಬಾಡಿಗೆಯನ್ನು ಮರವೂ ಕೊಡಬಲ್ಲದೆಂದು ತೋರಿಸಿದರೋ? ಜಾಣರು. ಆದರೆ ನನ್ನ ಸಂದೇಹ ಬೇರೊಂದು ಕಡೆಗಿದೆ. ನಮ್ಮ ಮಾಗಡಿಯ ಸೊಗಡವರೆಯನ್ನು ಬುಟ್ಟಿಯಲ್ಲಿ ಹೊತ್ತು ಬೆಳಗಿನ ಮೊದಲ ಬಸ್ಸಿಗೆ ಬೆಂಗಳೂರಿಗೆ ಹೋಗುವ ಹೆಂಗಸನ್ನು ನೆನೆದುಕೊ. ಅವಳು ಕೂತು ಮಾರುವುದು ನೀನು ಹಸಿರು ಬಳಿದಿರುವ ಇದೇ ಅಂಚಿನಲ್ಲಿ. ನಾಳೆ ಇಲ್ಲಿ ಹುಲ್ಲು ಬಂದು, ಹೂವಿನ ಪಾತಿ ಬಂದು, ಬೇಲಿ ಬಂದು, ಬೇಲಿಯ ಬಾಗಿಲಲ್ಲಿ ಬೆತ್ತ ಹಿಡಿದ ಕಾವಲುಗಾರ ಬಂದರೆ, ಮೊದಲು ಏಳಬೇಕಾದವಳು ಅವಳೇ ಅಲ್ಲವೆ?

ಶಿಷ್ಯ: ಬೀದಿ ವ್ಯಾಪಾರಿಗಳ ಜೀವನೋಪಾಯವನ್ನು ಕಾಪಾಡುವ ಕಾಯಿದೆಯು 2014ರಲ್ಲಿಯೇ ಬಂದಿದೆ. ಪಟ್ಟಣ ವ್ಯಾಪಾರ ಸಮಿತಿಯು ಅವರವರ ಸ್ಥಳವನ್ನು ಗೊತ್ತುಮಾಡತಕ್ಕದ್ದೆಂದೂ, ಆ ಸಮಿತಿಯಲ್ಲಿ ವ್ಯಾಪಾರಿಗಳ ಪ್ರತಿನಿಧಿಗಳೂ ಇರತಕ್ಕದ್ದೆಂದೂ ಅದರಲ್ಲಿ ವಿಧಿಸಿದೆ.

ಮೇಷ್ಟ್ರು: ಕಾಯಿದೆಯು ಪುಸ್ತಕದಲ್ಲಿದೆ, ಅವಳು ನಿನ್ನ ನಕ್ಷೆಯಲ್ಲಿ ಎಲ್ಲಿದ್ದಾಳೆ? ಬಸವನಗುಡಿಯ ಗಾಂಧಿ ಬಜಾರನ್ನು ನಡೆಯುವವರ ಬೀದಿಯಾಗಿ ಮಾಡಬೇಕೆಂದು ಹೊರಟಾಗ ಏನಾಯಿತೆಂಬುದನ್ನು ನಾನು ಪತ್ರಿಕೆಗಳಲ್ಲಿ ಓದಿದ್ದೇನೆ. 1898ರ ಪ್ಲೇಗಿನ ಕಾಲದಲ್ಲಿ ಪೇಟೆಯ ಇಕ್ಕಟ್ಟಿಗೆ ಹೆದರಿದ ಜನರಿಗೆ ಗಾಳಿ ಬೆಳಕು ದೊರೆಯಲೆಂದು ಅಗಲವಾದ ಬೀದಿಗಳಿಂದ ಬೆಳೆದ ಬಡಾವಣೆಯದು, ಡಿ.ವಿ.ಜಿ.ಯವರೂ ಮಾಸ್ತಿಯವರೂ ಓಡಾಡಿದ ನೆಲ. ವಿದ್ಯಾರ್ಥಿ ಭವನದ ದೋಸೆಗೆ 1943ರಿಂದ ಜನರು ಸಾಲುಗಟ್ಟುವ ತಾಣ. ನಡೆಯುವುದಕ್ಕೂ ನಿಲ್ಲುವುದಕ್ಕೂ ಅದಕ್ಕಿಂತ ಯೋಗ್ಯವಾದ ಬೀದಿ ಯಾವುದಿದ್ದೀತು? ಅಂತಹ ಕಡೆಯಲ್ಲಿಯೇ, ಅಗೆದ ನೆಲವು ತಿಂಗಳುಗಟ್ಟಲೆ ಬಾಯಿಬಿಟ್ಟುಕೊಂಡಿದ್ದು, ಹೂವಿನವರೂ ಹಣ್ಣಿನವರೂ ಅಂಗಡಿಯವರೂ ನಿವಾಸಿಗಳೂ ಒಟ್ಟಿಗೆ ಗೊಣಗಿದರು.

ಶಿಷ್ಯ: ಗೊಣಗಾಟದಲ್ಲಿ ನ್ಯಾಯವಿದ್ದಿತು. ಕೆಲಸವು ಕೈಗೂಡಿದ ಮೇಲೆ ದೊರೆಯುವ ಸುಖವನ್ನು ನಾವು ವರ್ಣಿಸಿದೆವು. ಕೆಲಸ ನಡೆಯುವಾಗಿನ ದಿನಗಳ ಕೂಲಿಯನ್ನು ಯಾರು ಭರಿಸಬೇಕೆಂಬುದನ್ನು ಹೇಳಲಿಲ್ಲ. ಆದರೂ ಒಂದನ್ನು ವಿಚಾರಿಸಿ ನೋಡಬೇಕು. ಅದೇ ಬಸವನಗುಡಿಯಲ್ಲಿ, ಕಾರ್ತಿಕದ ಕಡೆಯ ಸೋಮವಾರ ಕಡಲೆಕಾಯಿ ಪರಿಷೆಗೆ ದೊಡ್ಡ ಬಸವಣ್ಣನ ಗುಡಿಯ ರಸ್ತೆಯನ್ನೇ ಮುಚ್ಚಿದರೆ ಒಬ್ಬನೂ ಗೊಣಗುವುದಿಲ್ಲ. ನಮ್ಮ ಮಾಗಡಿಯ ಕಡೆಯ ರೈತರೂ ಮೂಟೆಗಳನ್ನು ತಂದು ರಸ್ತೆಯ ಅಂಚಿಗೇ ಸುರಿಯುತ್ತಾರೆ. ಚೈತ್ರದ ಹುಣ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯನ ಗುಡಿಯಿಂದ ಕರಗ ಹೊರಟರೆ, ಬೆಳಗಾಗುವತನಕ ಪೇಟೆಯ ಬೀದಿಗಳೆಲ್ಲ ಕಾಲುನಡಿಗೆಯವರ ಸ್ವತ್ತು. ವಿಶ್ವೇಶ್ವರಪುರದ ತಿಂಡಿ ಬೀದಿಯಲ್ಲಿ ಅವರೆಕಾಯಿಯ ಮೇಳವನ್ನು ಮಾಡಿದಾಗ, ನಮ್ಮ ಸೊಗಡವರೆಯ ಕಂಪಿಗೆ ಬೆಂಗಳೂರೇ ನೆರೆದು ಅಲ್ಲಿ ಕಾಲಿಡಲು ತೆರಪಿರಲಿಲ್ಲ. ಉಡುಪಿಯಲ್ಲಿ ಮಠಗಳ ಎದುರಿನ ಬೀದಿಗೆ ರಥಬೀದಿಯೆಂದೇ ಹೆಸರು. ಅದರ ಅಗಲವು ತೇರಿನ ಗಾಲಿಗೂ ಎಳೆಯುವವರ ತೋಳಿಗೂ ಒಪ್ಪುವಂಥದು. ಬೀದಿಯನ್ನು ಜನರಿಗೆ ಬಿಟ್ಟುಕೊಡುವುದು ನಮಗೆ ಹೊಸತೇನೂ ಅಲ್ಲ.

ಮೇಷ್ಟ್ರು: ಹೊಸತಲ್ಲ, ನಿಜ. ಆದರೆ ನೀನು ಹೇಳಿದವೆಲ್ಲ ಹಬ್ಬಗಳು. ಹಬ್ಬಕ್ಕೆ ತಿಥಿಯಿದೆ, ಅದರ ಹಿಂದೆ ದೇವರು, ಗುಡಿ, ಮನೆತನ, ಹರಕೆಗಳಿವೆ, ಮುಗಿದ ಮಾರನೆಯ ದಿನ ಬೀದಿಯನ್ನು ಗುಡಿಸುವವರು ಇಂತಹವರೆಂಬ ಕಟ್ಟುಪಾಡಿದೆ. ನೀನು ಬೇಡುತ್ತಿರುವುದು ತಿಥಿಯಿಲ್ಲದ ದಿನದ ಮಾತು. ಮಂಗಳವಾರದ ಮಧ್ಯಾಹ್ನದ ಮಾತು. ಆ ದಿನ ಆ ಮರಕ್ಕೆ ಯಾರಾಗುತ್ತಾರೆ? ನಮ್ಮ ಹಳ್ಳಿಗಳಲ್ಲಿ ಇದಕ್ಕಾಗಿಯೇ ಎರಡು ಏರ್ಪಾಡುಗಳಿದ್ದುವು. ಊರ ಹೊರಗೆ ಗುಂಡುತೋಪು, ಊರ ಒಳಗೆ ಅರಳೀಕಟ್ಟೆ. ತೋಪು ಯಾರೊಬ್ಬನ ಸ್ವತ್ತೂ ಅಲ್ಲ. ದಾರಿಹೋಕನು ಬುತ್ತಿ ಬಿಚ್ಚುವುದಕ್ಕೂ ಎತ್ತು ಬಿಚ್ಚುವುದಕ್ಕೂ ಬಿಟ್ಟ ನೆರಳು. ಈಗ ಎಷ್ಟೋ ಗುಂಡುತೋಪುಗಳು ಪಹಣಿಯಲ್ಲಿವೆ, ನೆಲದ ಮೇಲಿಲ್ಲ. ಕಟ್ಟೆಗಳು ಮಾತ್ರ ಬಹುಮಟ್ಟಿಗೆ ಉಳಿದುವು. ಏಕೆಂದು ಯೋಚಿಸಿದ್ದೀಯಾ?

ಶಿಷ್ಯ: ನಾಗರಕಲ್ಲುಗಳಿರುವುದರಿಂದ ಜನರು ಹೆದರುತ್ತಾರೆ.

ಮೇಷ್ಟ್ರು: ಹೆದರಿಕೆ ಅರ್ಧ ಉತ್ತರ. ಅರಳಿಯ ಸಸಿಯನ್ನು ನೆಟ್ಟವನು ಅದನ್ನು ನೆಟ್ಟು ಮನೆಗೆ ಹೋಗುತ್ತಿರಲಿಲ್ಲ. ಅದಕ್ಕೆ ಮಗನಿಗೆ ಮಾಡುವಂತೆ ಉಪನಯನ. ಪಕ್ಕದಲ್ಲಿ ಬೇವನ್ನು ನೆಟ್ಟು ಅದರೊಡನೆ ವಿವಾಹ. ಆ ದಿನ ಊರಿಗೆಲ್ಲ ಊಟ. ಉಂಡವರೆಲ್ಲ ಆ ಮರಕ್ಕೆ ನೆಂಟರಾದರು. ನೆಂಟನ ಮೇಲೆ ಕೊಡಲಿ ಎತ್ತುವುದು ಸುಲಭವಲ್ಲ. ನೆಂಟನಿಗೆ ಬೇಸಗೆಯಲ್ಲಿ ಒಂದು ಬಿಂದಿಗೆ ನೀರನ್ನು ಹೊಯ್ಯದೆ ಇರುವುದೂ ಸುಲಭವಲ್ಲ. ಆಜ್ಞೆಯ ಮೇಲೆ ಮುಚ್ಚಿದ ಬೀದಿಯು ಮತ್ತೊಂದು ಆಜ್ಞೆಯ ಮೇಲೆ ತೆರೆಯುತ್ತದೆ. ಚರ್ಚ್ ಸ್ಟ್ರೀಟಿನಲ್ಲಿ ನೀನು ಕಂಡದ್ದು ಅದನ್ನೇ.

ಶಿಷ್ಯ: ಮಹಾತ್ಮ ಗಾಂಧಿ ರಸ್ತೆಯಲ್ಲಿಯೂ ಅದನ್ನೇ ಕಂಡೆವು. ಅಲ್ಲಿ ರಸ್ತೆಗೂ ಮೈದಾನಕ್ಕೂ ನಡುವೆ ಮರಗಳ ನೆರಳಿನ ನಡಿಗೆಯ ಹಾದಿಯಿದ್ದಿತು. ಮೆಟ್ರೊ ರೈಲಿನ ಕಂಬಗಳಿಗಾಗಿ 2009ರಲ್ಲಿ ಅದನ್ನು ತೆಗೆದರು. ರೈಲು 2011ರ ಅಕ್ಟೋಬರಿನಲ್ಲಿ ಓಡಿತು. 2013ರಲ್ಲಿ ಅದೇ ಜಾಡಿನ ಕೆಳಗೆ ರಂಗೋಲಿಯೆಂಬ ಕಲಾಕೇಂದ್ರವನ್ನು ಮಾಡಿ ಜನರಿಗೆ ಕೂರಲು ಜಾಗ ಕೊಟ್ಟರು. ಜಾಗವು ಮರಳಿತು, ಹಳೆಯ ಮರಗಳು ಮರಳಲಿಲ್ಲ. ಆದರೂ, ಮೇಷ್ಟ್ರೇ, ಮಹಾನಗರದಲ್ಲಿ ಮರಕ್ಕೆ ಉಪನಯನ ಮಾಡಿಸೋಣವೆಂದು ನಾನು ಕಡತದಲ್ಲಿ ಬರೆಯಲಾರೆ. ಅಲ್ಲಿ ಎಲ್ಲ ಮತದವರೂ ಎಲ್ಲ ಭಾಷೆಯವರೂ ಇದ್ದಾರೆ. ಮೇಲಾಗಿ, ನಮ್ಮ ಹಳ್ಳಿಯ ಕಟ್ಟೆಯ ಮೇಲೆ ಎಲ್ಲರೂ ಕೂರುವಂತಿರಲಿಲ್ಲವೆಂಬುದನ್ನು ತಾವೂ ಬಲ್ಲಿರಿ.

ಮೇಷ್ಟ್ರು: ಬಲ್ಲೆ. ಆ ಮಾತನ್ನು ನೀನು ಆಡಿದ್ದು ಒಳ್ಳೆಯದಾಯಿತು. ಈ ಬಗೆಯ ಕಟ್ಟೆಗಳ ಎದುರಿಗೆ ಕೆರವನ್ನು ಕೈಯಲ್ಲಿ ಹಿಡಿದು ಹಾದುಹೋಗುತ್ತಿದ್ದವರನ್ನು ನಾನು ಬಾಲ್ಯದಲ್ಲಿ ಕಂಡಿದ್ದೇನೆ. ಅವರ ಮಕ್ಕಳಿಗೆ ಪಾಠವನ್ನೂ ಹೇಳಿದ್ದೇನೆ. ನಿನ್ನ ಪೇಟೆಯ ಕಟ್ಟೆಯಾದರೋ ಯಾರನ್ನೂ ಏಳಿಸತಕ್ಕದ್ದಲ್ಲ. ಆ ಅಂಶದಲ್ಲಿ ಅದು ನಮ್ಮದಕ್ಕಿಂತ ಮೇಲಾಗಲಿ. ಆದರೆ ನಮ್ಮದರಿಂದ ಕಲಿಯಬೇಕಾದುದನ್ನೂ ಬಿಡಬೇಡ. ಸಂಸ್ಕಾರವೆಂದರೆ ಮಂತ್ರವೇ ಆಗಬೇಕೆಂದಿಲ್ಲ. ಅವರೆಯ ಬುಟ್ಟಿಯವಳಿಗೆ ಆ ಮರದ ಬುಡವನ್ನೇ ಗೊತ್ತುಮಾಡಿ ಕೊಡು. ನೆರಳು ಅವಳ ವ್ಯಾಪಾರಕ್ಕೆ ಒದಗುವುದರಿಂದ, ಕಾಯಿದೆಯ ಯಾವ ಕಲಮೂ ಹೇಳದಿದ್ದರೂ ಅವಳೇ ಅದನ್ನು ಕಾಯುವಳು. ಎದುರಿನ ಅಂಗಡಿಯವನಿಂದ ದಿನಕ್ಕೆರಡು ಕೊಡ ನೀರಿನ ಒಪ್ಪಂದವನ್ನು ಬರೆಸಿಕೊ. ಹತ್ತಿರದ ಶಾಲೆಯ ಒಂದೊಂದು ತರಗತಿಗೆ ಒಂದೊಂದು ಸಸಿಯನ್ನು ಒಪ್ಪಿಸು. ಇನ್ನೊಂದು ವಿಷಯ: ಬಸ್ಸನ್ನು ದೂರಕ್ಕೆ ಅಟ್ಟಬೇಡ. ಕಾರು ದೂರ ನಿಂತರೆ ಕಾರಿನವನು ನಡೆದಾನು. ಬಸ್ಸು ದೂರ ನಿಂತರೆ ಬುಟ್ಟಿ ಹೊತ್ತವಳು ಹೇಗೆ ನಡೆದಾಳು?

ಶಿಷ್ಯ: ಬಸ್ಸನ್ನು ಒಂದೇ ಓಣಿಯಲ್ಲಿ ನಿಧಾನವಾಗಿ ಬಿಡಬಹುದು. ಅಡ್ಡಬೀದಿಗಳಿಗೆ ನುಗ್ಗುವ ವಾಹನಗಳ ಹೊರೆಯನ್ನು ಮೊದಲು ಅಳೆದು, ಆಮೇಲೆ ನಡುಬೀದಿಯನ್ನು ಮುಚ್ಚಬೇಕು. ಇಲ್ಲವಾದರೆ ಒಬ್ಬರ ಬಾಗಿಲಿನ ಹೊಗೆಯನ್ನು ಮತ್ತೊಬ್ಬರ ಬಾಗಿಲಿಗೆ ದಾಟಿಸಿದಂತಾಗುತ್ತದೆ. ಇವೆರಡೂ ನಕ್ಷೆಯಲ್ಲಿವೆ. ನೀರು ಮಾತ್ರ ಇಲ್ಲ. ಮಳೆಯ ನೀರು ಡಾಂಬರಿನ ಮೇಲೆ ಹರಿದು ಮೋರಿಗೆ ಬೀಳುವ ಬದಲು ಬುಡಕ್ಕೆ ಇಂಗುವಂತೆ ಪಾತಿಯನ್ನು ರಸ್ತೆಯ ಮಟ್ಟಕ್ಕಿಂತ ತಗ್ಗಿಸಿದ್ದೇನೆ, ಬೇಸಗೆಯನ್ನು ಮರೆತೆ.

ಮೇಷ್ಟ್ರು: ಮಹಾನುಭಾವರಾದ ಕೆಂಪೇಗೌಡರು ಮರೆಯಲಿಲ್ಲ. ಪೇಟೆಯೊಡನೆಯೇ ಕೆರೆಗಳನ್ನೂ ಕಟ್ಟಿಸಿದರು. ಧರ್ಮಾಂಬುಧಿಯ ಅಂಗಳ ಇಂದು ನೀವು ಮೆಜೆಸ್ಟಿಕ್ ಎನ್ನುವ ಬಸ್ ನಿಲ್ದಾಣ. ಅದಕ್ಕೆ ಅವರದೇ ಹೆಸರನ್ನಿಟ್ಟಿರುವುದು ಒಂದು ಸೋಜಿಗ. ಸಂಪಂಗಿಯ ಕೆರೆ ಕ್ರೀಡಾಂಗಣವಾಯಿತು. ಸಿದ್ದಿಕಟ್ಟೆಯಿದ್ದ ಕಡೆ ಕೃಷ್ಣರಾಜೇಂದ್ರ ಮಾರುಕಟ್ಟೆ ಬಂದಿತು. ನೋಡು, ಅದೂ ಕಟ್ಟೆಯೇ! ನೀರನ್ನು ನಿಲ್ಲಿಸುವುದಕ್ಕೂ ಕಟ್ಟೆಯೆನ್ನುತ್ತೇವೆ, ಜನರನ್ನು ಕುಳ್ಳಿರಿಸುವುದಕ್ಕೂ ಕಟ್ಟೆಯೆನ್ನುತ್ತೇವೆ. ನೀನು ತದ್ಭವವನ್ನು ನೆನಪಿಟ್ಟುಕೊಂಡೆ. ಈ ಅಚ್ಚಗನ್ನಡದ ಮಾತನ್ನು ಮರೆತೆ. ಓಡಿಹೋಗುವುದನ್ನು ಒಂದಿಷ್ಟು ಹೊತ್ತು ತಡೆದು ಉಪಯೋಗಕ್ಕೆ ತರುವುದು ಕಟ್ಟೆಯ ಕೆಲಸ. ಏರಿಯನ್ನು ನೋಡಿಕೊಳ್ಳುವವರಿಲ್ಲದೆ ಕೆರೆಯ ಕಟ್ಟೆ ನಿಂತದ್ದುಂಟೆ?

ಶಿಷ್ಯನು ಸ್ವಲ್ಪ ಹೊತ್ತು ಸುಮ್ಮನಿದ್ದು, ಜೇಬಿನಿಂದ ಲೇಖನಿಯನ್ನು ತೆಗೆದನು. ನಕ್ಷೆಯ ಮೂಲೆಯಲ್ಲಿ ಬಣ್ಣಗಳ ವಿವರಣೆ ಇದ್ದಿತು. ಹಳದಿಯೆಂದರೆ ಅಂಗಡಿ, ಬೂದುಬಣ್ಣವೆಂದರೆ ಬಸ್ಸಿನ ಓಣಿ, ಹಸಿರೆಂದರೆ ಮರ. ಆ ಕಡೆಯ ಸಾಲಿನ ಪಕ್ಕದಲ್ಲಿ ಅವನು ‘ನೀರೆರೆಯುವವರು’ ಎಂದು ಬರೆದು, ಮುಂದೆ ಒಂದು ಹೆಸರು ಹಿಡಿಯುವಷ್ಟು ಜಾಗವನ್ನು ಖಾಲಿ ಬಿಟ್ಟನು. ಅನಂತರ ನಕ್ಷೆಯಲ್ಲಿದ್ದ ಹಸಿರು ಚುಕ್ಕಿಗಳನ್ನು ಒಂದೊಂದಾಗಿ ಎಣಿಸತೊಡಗಿದನು.

ಮೇಷ್ಟ್ರು: ಎಷ್ಟಾದುವಪ್ಪ?

ಶಿಷ್ಯ: ಇನ್ನೂರ ಹನ್ನೆರಡು, ಮೇಷ್ಟ್ರೇ. ಇಷ್ಟೂ ಹೆಸರು ಸಿಕ್ಕುವುದು ಕಷ್ಟ.

ಮೇಷ್ಟ್ರು: ಹಾಗಾದರೆ, ಹೆಸರು ಸಿಕ್ಕಷ್ಟು ಚುಕ್ಕಿಗಳನ್ನು ಉಳಿಸಿಕೊ, ಮಿಕ್ಕವುಗಳನ್ನು ಈಗ ಅಳಿಸು, ಹೆಸರು ಸಿಕ್ಕಿದಂದು ಬಳಿದರಾಯಿತು. ಏಳು, ಬಸ್ಸಿನ ಹೊತ್ತಾಯಿತು.